ಹಳೆಯ ಪ್ರಿಂಟರ್: ಪೆಟ್ಟಿಗೆ ಮುಖ್ಯವೋ, ಅಚ್ಚಾದ ಹಾಳೆಯೋ?

ನಿಮ್ಮ ಶಾಲೆಯ ಅಥವಾ ಕಾಲೇಜಿನ ಉಗ್ರಾಣದಲ್ಲಿ ಧೂಳು ಹಿಡಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆಯೇ? ಅದರ ಹೆಸರು ಡೆಡ್ ಸ್ಟಾಕ್ ಪುಸ್ತಕದಲ್ಲಿದ್ದರೆ, ಒಂದು ದಿನ ಅದು ಗುಜರಿಯವರ ತಕ್ಕಡಿ ಏರುತ್ತದೆ. ಇನ್ನೊಂದೆಡೆ, ಹಳೆಯ ಗಣಕ ಸಾಧನಗಳ ಸಂಗ್ರಾಹಕರು ಅಂಥದ್ದನ್ನೇ ಹಣ ಕೊಟ್ಟು ಕೊಂಡು ಕಪಾಟಿನಲ್ಲಿ ಇಡುತ್ತಾರೆ. ಮೊದಲನೆಯವರು ತೂಕ ನೋಡುತ್ತಾರೆ, ಎರಡನೆಯವರು ಕಂಪನಿಯ ಹೆಸರು ಮತ್ತು ವಯಸ್ಸು ನೋಡುತ್ತಾರೆ. ಆ ಯಂತ್ರ ಇನ್ನೂ ಅಚ್ಚು ಮಾಡುತ್ತದೆಯೇ ಎಂದು ಕೇಳುವವರು ಕಡಿಮೆ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ಪ್ರಿಂಟರ್ ಗಣಕದ ಬಾಲವಲ್ಲ. ಚಾರ್ಲ್ಸ್ ಬ್ಯಾಬೇಜ್ 19ನೇ ಶತಮಾನದಲ್ಲಿ ಲೆಕ್ಕದ ಯಂತ್ರ ಯೋಜಿಸಿದಾಗ ಅದಕ್ಕೆ ಮುದ್ರಣ ಭಾಗವನ್ನೂ ಸೇರಿಸಿದ್ದ. ಗಣಿತ ಕೋಷ್ಟಕಗಳಲ್ಲಿ ನಕಲು ಮಾಡುವಾಗ, ಮೊಳೆ ಜೋಡಿಸುವಾಗ ನುಸುಳುವ ತಪ್ಪುಗಳನ್ನು ತಡೆಯುವುದು ಅವನ ಉದ್ದೇಶವಾಗಿತ್ತು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಅವನ ಎರಡನೇ ಡಿಫರೆನ್ಸ್ ಎಂಜಿನ್‌ನ ಲೆಕ್ಕದ ಭಾಗವನ್ನು 1991ರಲ್ಲಿ ಮುಗಿಸಿತು. ಅಷ್ಟಕ್ಕೇ ನಿಲ್ಲದೆ ಮುದ್ರಣ ಭಾಗವನ್ನೂ ಸೇರಿಸಿ, ಇಡೀ ಯಂತ್ರವನ್ನು 2002ರಲ್ಲಿ ಪೂರ್ಣಗೊಳಿಸಿತು. ಸಂಗ್ರಹ ಎಂದರೆ ಹೀಗಿರಬೇಕು.

ನಮ್ಮ ತರಗತಿಗೆ ಇದರಿಂದ ಏನು ಲಾಭ? ಎಪ್ಸನ್ ಕಂಪನಿಯ 1980ರ ಎಂಎಕ್ಸ್-80 ಪ್ರಿಂಟರನ್ನು ನೋಡಿ. ಅದರ ತಲೆಯಲ್ಲಿ ಒಂದರ ಕೆಳಗೊಂದರಂತೆ 9 ಸೂಜಿಗಳು. ವಿದ್ಯುತ್ಕಾಂತದ ಬಲದಿಂದ ಸೂಜಿ ಮುಂದೆ ಚಿಮ್ಮಿ, ಮಸಿಯ ರಿಬ್ಬನ್ನನ್ನು ಕಾಗದಕ್ಕೆ ಒತ್ತುತ್ತದೆ. ಒಂದು ಚುಕ್ಕೆ ಮೂಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ 9 ಚುಕ್ಕೆಗಳ ಎತ್ತರ ಸಾಕು. 'ಸ್ತ್ರೀ' ಎಂದು ಬರೆಯಲು ಸಾಕೇ? ಮೇಲೆ ಗುಣಿತ, ನಡುವೆ ಅಕ್ಷರ, ಕೆಳಗೆ ಎರಡು ಒತ್ತು! ಆದ್ದರಿಂದ ಗಣಕವು ಅಕ್ಷರವನ್ನು ಚಿತ್ರದಂತೆ ಚುಕ್ಕೆಗಳಾಗಿ ಕಳಿಸಬೇಕು. ಒಂದು ಸಾಲಿಗಾಗಿ ತಲೆ ಹಲವು ಬಾರಿ ಓಡಬೇಕು. 24 ಸೂಜಿಗಳ ಪ್ರಿಂಟರ್ ಬಂದಾಗ ಈ ಕಷ್ಟ ಕಡಿಮೆಯಾಯಿತು. ವಿದ್ಯುತ್ಕಾಂತ, ದ್ವಿಮಾನ ಸಂಖ್ಯೆ, ಕನ್ನಡ ಲಿಪಿ – ಮೂರೂ ಪಾಠಗಳು ಆ ಒಂದು ಹಾಳೆಯಲ್ಲಿವೆ. ಮಸೂರ ಹಿಡಿದು ನೋಡಿದರೆ ಚುಕ್ಕೆಗಳನ್ನು ಎಣಿಸಬಹುದು. ಮೂಕವಾಗಿ ಕುಳಿತ ಪೆಟ್ಟಿಗೆ ಇದನ್ನು ಕಲಿಸಲಾರದು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. ಇಂಕ್‌ಜೆಟ್‌ನ ಸೂಕ್ಷ್ಮ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತದ್ದು ಮತ್ತೆ ಕೆಲಸ ಮಾಡುವುದು ಅಪರೂಪ. ಕೆಲವು ಹಳೆಯ ಲೇಸರ್ ಪ್ರಿಂಟರುಗಳ ಡ್ರಮ್ ಮೇಲೆ ಸೆಲೆನಿಯಂ ಲೇಪನವಿರುತ್ತದೆ. ಅದನ್ನು ಕೆರೆಯುವುದಾಗಲಿ, ಟೋನರ್ ಪುಡಿಯನ್ನು ಕೊಡವುವುದಾಗಲಿ ಸಲ್ಲದು. ಡಾಟ್ ಮ್ಯಾಟ್ರಿಕ್ಸ್ ಇವೆರಡಕ್ಕಿಂತ ಗಟ್ಟಿ ಜೀವ. ಅದನ್ನು ಪರೀಕ್ಷಿಸಲು ಗಣಕವೂ ಬೇಕಿಲ್ಲ. ಅನೇಕ ಮಾದರಿಗಳಲ್ಲಿ ಲೈನ್ ಫೀಡ್ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದರೆ, ಯಂತ್ರ ತಾನೇ ಅಕ್ಷರಗಳನ್ನು ಅಚ್ಚು ಮಾಡಿ ತೋರಿಸುತ್ತದೆ. ಸಾಲುಗಳಲ್ಲಿ ಬಿಳಿ ಗೆರೆಯೊಂದು ಉದ್ದಕ್ಕೂ ಕಂಡರೆ, ಒಂದು ಸೂಜಿ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಿರಿ. ಅಚ್ಚು ಮಾಡಿದ ಕೂಡಲೇ ತಲೆಯನ್ನು ಮುಟ್ಟಬೇಡಿ, ಅದು ಬಿಸಿಯಾಗಿರುತ್ತದೆ.

ಕೊಳ್ಳುವಾಗ ಕೈಪಿಡಿ, ಕೇಬಲ್, ರಿಬ್ಬನ್ ಕೇಳಿ ಪಡೆಯಿರಿ. ಹೊರಕವಚ ಎಷ್ಟು ಹೊಳೆದರೂ ಇವಿಲ್ಲದಿದ್ದರೆ ಯಂತ್ರ ಅರ್ಧ ಮಾತ್ರ. ಬಗೆಗೊಂದು ಪ್ರಿಂಟರ್ ಉಳಿಸಿಕೊಂಡರೆ ಸಾಕು. ಉಳಿದವನ್ನು ನೋಂದಾಯಿತ ಮರುಬಳಕೆ ಘಟಕಕ್ಕೆ ಕೊಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಮತ್ತು ಅದರ ಕಾರ್ಟ್ರಿಜ್ ಸೇರಿವೆ.

ಶಿಕ್ಷಕರೇ, ಮುಂದಿನ ಹರಾಜಿಗೆ ಮೊದಲು ಒಮ್ಮೆ ಆ ಪ್ರಿಂಟರಿಗೆ ಕಾಗದ ಹಾಕಿ ನೋಡಿ. ಅಚ್ಚಾಗಿ ಬಂದ ಹಾಳೆಯ ಮೇಲೆ ತಾರೀಖು ಬರೆದು ಯಂತ್ರದ ಜೊತೆಯಲ್ಲೇ ಇಡಿ. ತೂಕಕ್ಕೆ ಹಾಕಬೇಕೋ, ಪ್ರಯೋಗಾಲಯಕ್ಕೆ ತರಬೇಕೋ ಎಂಬುದನ್ನು ಆ ಹಾಳೆಯನ್ನು ನೋಡಿದ ಮೇಲೆ ತೀರ್ಮಾನಿಸಿ.