ಗ್ಯಾರೇಜಿನಲ್ಲಿ ಸ್ಯಾಕ್ಸೋಫೋನು

ಮೋನೋ-ಸ್ಟೀರಿಯೋ ಜಗಳವನ್ನು ಈ ವಾರ ಮುಗಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಕಾಯಲಿ. ಸಾಕ್ಷಿಗೆಂದು ‘ಹಿಯರ್ ಆರ್ ದ ಸಾನಿಕ್ಸ್’ ಹಚ್ಚಿದವನು ಜಗಳವನ್ನೇ ಮರೆತೆ. ಹನ್ನೆರಡು ಹಾಡು ಸೇರಿದರೂ ಅರ್ಧ ಗಂಟೆ ತುಂಬದ ತಟ್ಟೆ ಅದು.

1965ರದು. ಟಕೋಮಾದ ಐವರು ಹುಡುಗರು, ಸಿಯಾಟಲ್‌ನಲ್ಲಿ ಕರ್ನಿ ಬಾರ್ಟನ್‌ನ ಸ್ಟುಡಿಯೋ, ಎರಡೇ ಟ್ರ್ಯಾಕಿನ ಯಂತ್ರ. ಜೆರ್ರಿ ರೋಸ್ಲಿಯ ಕಿರುಚಾಟದ ಬಗ್ಗೆ, ಬಾಬ್ ಬೆನೆಟ್‌ನ ಡ್ರಮ್ಮಿನ ಬಗ್ಗೆ ಬರೆಯದವರಿಲ್ಲ. ರಾಬ್ ಲಿಂಡ್‌ನ ಸ್ಯಾಕ್ಸೋಫೋನಿನ ಹತ್ತಿರ ಬಂದಾಗ ಮಾತ್ರ ಎಲ್ಲರಿಗೂ ಮುಜುಗರ. ಸಾನಿಕ್ಸ್‌ನಲ್ಲಿ ಪಂಕ್‌ನ ಬೇರು ಹುಡುಕುತ್ತಲೇ, ಪಂಕ್ ಎಂದರೆ 1976ರ ಲಂಡನ್, ಗಿಟಾರು, ಮೂರು ಕಾರ್ಡು ಎಂದು ನಿಯಮ ಹಾಕಿಕೊಂಡ ಮಡಿವಂತರಿಗೆ ಊದುವ ವಾದ್ಯ ಮೈಲಿಗೆ. ಅದೇ ಲಂಡನ್ನಿನಲ್ಲಿ 1977ರಲ್ಲಿ ಎಕ್ಸ್-ರೇ ಸ್ಪೆಕ್ಸ್ ತಂಡದ ಲೋರಾ ಲಾಜಿಕ್ ಊದುತ್ತಿದ್ದದ್ದು ಇವರ ಕಿವಿಗೆ ಬೀಳಲಿಲ್ಲವೆ? 1970ರಲ್ಲಿ ಸ್ಟೂಜಸ್ ‘ಫನ್ ಹೌಸ್’ಗೆ ಸ್ಟೀವ್ ಮೆಕೇಯನ್ನು ಕರೆಸಿಕೊಂಡದ್ದು?

ಅಮೆರಿಕದ ಆ ವಾಯವ್ಯ ಮೂಲೆಯಲ್ಲಿ ಬ್ಯಾಂಡುಗಳು ಬೆಳೆದದ್ದು ಹರೆಯದವರ ಡ್ಯಾನ್ಸ್ ಹಾಲುಗಳಲ್ಲಿ. ಕುಣಿಸಲಾರದವನಿಗೆ ಅಲ್ಲಿ ಎರಡನೆಯ ಕರೆ ಬರುತ್ತಿರಲಿಲ್ಲ. ಸಾನಿಕ್ಸ್‌ಗಿಂತ ಮುಂಚಿನ ವೈಲರ್ಸ್‌ನಲ್ಲೂ ಸ್ಯಾಕ್ಸ್ ಇತ್ತು. ಇಬ್ಬರೂ ಕಿವಿಗೊಟ್ಟದ್ದು ಲಿಟಲ್ ರಿಚರ್ಡ್‌ನ ನ್ಯೂ ಆರ್ಲಿಯನ್ಸ್ ತಟ್ಟೆಗಳಂಥವಕ್ಕೆ. ಅಲ್ಲಿ ಸ್ಯಾಕ್ಸ್ ಅಲಂಕಾರಕ್ಕೆ ಕೂತದ್ದಲ್ಲ, ಲಯ ಹೊರುವ ಕೂಲಿ ಅದರದು. ‘ದ ವಿಚ್’ ಕೇಳಿ: ಗಿಟಾರೂ ಸ್ಯಾಕ್ಸೂ ಒಂದೇ ರಿಫ್ ಹಿಡಿದು ಎರಡು ಒನಕೆ ಒಂದೇ ಒರಳಿಗೆ ಬಿದ್ದ ಹಾಗೆ ಕುಟ್ಟುತ್ತವೆ.

ರಿಚರ್ಡ್ ಬೆರ್ರಿ ಬರೆದ ‘ಹ್ಯಾವ್ ಲವ್ ವಿಲ್ ಟ್ರಾವೆಲ್’ನ ನಡುವೆ ಲಿಂಡ್ ನುಗ್ಗುವ ಜಾಗವೇ ಬೇರೆ. ಜಾಣತನ ತೋರಿಸುವ ಹಂಬಲ ಅವನಿಗಿಲ್ಲ. ಸ್ವರ ನುಣುಪಾಗಲು ಬಿಡುವುದಿಲ್ಲ, ಗಂಟಲಲ್ಲೇ ಉಜ್ಜಿ ಹೊರಗೆ ತಳ್ಳುತ್ತಾನೆ. ಕೇಳುವವನು ಇನ್ನಷ್ಟು ಬೇಕೆನ್ನುವಷ್ಟರಲ್ಲಿ ರೋಸ್ಲಿ ಮತ್ತೆ ಮೈಕಿಗೆ ಬಂದಿರುತ್ತಾನೆ. ಹೋಟೆಲ್ ಲಾಬಿಗಳಲ್ಲಿ ಜೇನು ಸುರಿಸುವ ಸ್ಯಾಕ್ಸ್ ಕೇಳಿ ಬೇಸತ್ತವರಿಗೆ ನಾನು ಕೊಡುವ ಮದ್ದು ಇದೇ.

ಮುಂದೆ ಹಾಲಿವುಡ್‌ನ ಗೋಲ್ಡ್ ಸ್ಟಾರ್‌ನಲ್ಲಿ ಇವರ ಒರಟುತನವನ್ನೆಲ್ಲ ತೊಳೆದು ಮೂರನೆಯ ಆಲ್ಬಂ ಮಾಡಿಸಿದರು. ತಂಡದವರೇ ಅದನ್ನು ಮೆಚ್ಚಲಿಲ್ಲ, ನೀವು ಕೊಳ್ಳುವ ಅಗತ್ಯವಿಲ್ಲ. ಆ ದುಡ್ಡಿಗೆ ಎರಡನೆಯದಾದ ‘ಬೂಮ್’ ಕೊಳ್ಳಿ. ಅದರ ಧ್ವನಿಮುದ್ರಣಕ್ಕೆ ಟಕೋಮಾದ ಸ್ಟುಡಿಯೋಗೆ ಹೋದವರು, ಸದ್ದು ಹೀರಲೆಂದು ಗೋಡೆಗೆ ಹೊಡೆದಿದ್ದ ಹೊದಿಕೆಯನ್ನೇ ಕಿತ್ತುಹಾಕಿದ್ದರು.