ಚಿಪ್ಪಿನ ಶಿಸ್ತು, ಪ್ಯಾನಲ್ಲಿನ ಗೊಂದಲ

ಸಂಡೂರಿನ ಗಣಿಯಿಂದ ಅದಿರು ಸಾಗಿಸುವ ಕನ್ವೇಯರ್, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್, ಕಂಪ್ಲಿ ಸೀಮೆಯ ರೈಸ್ ಮಿಲ್ಲಿನ ಬ್ಲೋವರ್: ಇಂಥ ಕಡೆ ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವುದು ಇನ್ವರ್ಟರ್ ಡ್ರೈವ್. ಅದು ಟ್ರಿಪ್ ಆದರೆ ಬೈಗುಳ ತಿನ್ನುವುದು ಇಡೀ ಡಬ್ಬಿ. ನಿಜಕ್ಕೂ ಅಪಾಯವನ್ನು ಮೊದಲು ಕಂಡು ಕರೆಂಟು ಕಡಿದದ್ದು ಒಳಗಿನ ಬೆರಳಗಲದ ಚಿಪ್ಪು, ಐಸೊಲೇಟೆಡ್ ಗೇಟ್ ಡ್ರೈವರ್.

415 ವೋಲ್ಟಿನ ಮೂರು ಫೇಸ್ ಡ್ರೈವಿನೊಳಗೆ ಸುಮಾರು 580 ವೋಲ್ಟ್ ಡಿಸಿಯಾಗುತ್ತದೆ. ಅದನ್ನು ಐಜಿಬಿಟಿ ಎಂಬ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಕತ್ತರಿಸಿ ಮೋಟಾರಿಗೆ ಕೊಡುತ್ತವೆ. ಆಜ್ಞೆ ಕೊಡುವ ಪ್ರೊಸೆಸರ್ ಮಾತ್ರ 3.3 ಅಥವಾ 5 ವೋಲ್ಟಿನದು. ಇವೆರಡರ ನಡುವೆ ವಿದ್ಯುತ್ ದಾಟದ, ಸಂದೇಶ ಮಾತ್ರ ದಾಟುವ ಗೋಡೆ ಬೇಕು. ಆ ಗೋಡೆಯಾಗಿ ನಿಂತು ಆಜ್ಞೆಯನ್ನು ಐಜಿಬಿಟಿಯ ಗೇಟಿಗೆ ಮುಟ್ಟಿಸುವುದೇ ಗೇಟ್ ಡ್ರೈವರ್.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಐಎಸ್ಒ5852ಎಸ್ ಚಿಪ್ಪನ್ನೇ ನೋಡಿ. ಅದರ ಡೇಟಾಶೀಟಿನ ಸ್ಥಿತಿ ಪಟ್ಟಿಯಲ್ಲಿ ಔಟ್‌ಪುಟ್ ‘ಹೈ’ ಆಗುವುದು, ಅಂದರೆ ಐಜಿಬಿಟಿ ಆನ್ ಆಗುವುದು, ಒಂದೇ ಒಂದು ಸಾಲಿನಲ್ಲಿ. ಎರಡೂ ಬದಿಯ ಸಪ್ಲೈ ಸರಿ ಇರಬೇಕು, ಇನ್‌ಪುಟ್ ಸರಿ ಇರಬೇಕು, ರಿಸೆಟ್ ಪಿನ್ ‘ಹೈ’ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಐಜಿಬಿಟಿ ಆಫ್. ಅನುಮಾನ ಬಂದರೆ ನಿಲ್ಲಿಸು ಎನ್ನುವ ಈ ಧೋರಣೆಗೆ ಪೂರ್ಣ ಅಂಕ ಕೊಡಬೇಕು.

ಶಾರ್ಟ್ ಸರ್ಕ್ಯೂಟ್ ಆದಾಗಿನ ನಡವಳಿಕೆ ಇನ್ನೂ ಚೆಂದ. ಆನ್ ಆಗಿರುವ ಐಜಿಬಿಟಿಯ ಮೇಲೆ ಸಾಮಾನ್ಯವಾಗಿ ಎರಡು ವೋಲ್ಟಿನ ಆಸುಪಾಸು ಉಳಿಯುತ್ತದೆ. ಕರೆಂಟು ಮಿತಿಮೀರಿದರೆ ಅದು ಸರ್ರನೆ ಏರುತ್ತದೆ; 9 ವೋಲ್ಟ್ ದಾಟಿತೋ, ಅದನ್ನು ಗಮನಿಸುವ ಚಿಪ್ಪಿನ ‘ಡಿಸ್ಯಾಟ್’ ಪಿನ್ ಎಚ್ಚರಗೊಳ್ಳುತ್ತದೆ. ಸ್ವಿಚ್ಚಿಂಗಿನ ಗದ್ದಲಕ್ಕೆ ಬೆದರದಂತೆ ಅಲ್ಲೊಂದು ಕೆಪಾಸಿಟರ್ ಇಡುತ್ತಾರೆ: 500 ಮೈಕ್ರೋಆಂಪಿನಲ್ಲಿ 220 ಪಿಕೋಫ್ಯಾರಡ್ ತುಂಬಲು ಸುಮಾರು 4 ಮೈಕ್ರೋಸೆಕೆಂಡು. ಹಳೆಯ ತಲೆಮಾರಿನ ಐಜಿಬಿಟಿ 10 ಮೈಕ್ರೋಸೆಕೆಂಡು ತಾಳುವುದರಿಂದ ಲೆಕ್ಕ ಸರಿಹೋಗುತ್ತದೆ. ಆಮೇಲೂ ಚಿಪ್ಪು ಗೇಟನ್ನು ಥಟ್ಟನೆ ಎಳೆಯುವುದಿಲ್ಲ, ಮೆಲ್ಲಗೆ ಇಳಿಸುತ್ತದೆ. ನೀರೆತ್ತುವ ಪೈಪಿನ ವಾಲ್ವನ್ನು ಫಟ್ಟನೆ ಮುಚ್ಚಿದರೆ ನೀರು ಬಡಿದು ಪೈಪು ಒಡೆಯುವಂತೆ, ಭಾರಿ ಕರೆಂಟನ್ನು ಒಮ್ಮೆಗೇ ಕಡಿದರೆ ವೋಲ್ಟೇಜು ಚಿಮ್ಮಿ ಐಜಿಬಿಟಿಯೇ ಸುಡುತ್ತದೆ.

ಆದರೆ ಇದೇ ಲೆಕ್ಕ ಐಜಿಬಿಟಿಯ ಬದಲು ಬಳಸುವ ಸಿಲಿಕಾನ್ ಕಾರ್ಬೈಡ್ ಸ್ವಿಚ್ಚಿಗೆ ಒಗ್ಗದು. ಅದು ತಾಳುವುದು ಎರಡು ಮೂರು ಮೈಕ್ರೋಸೆಕೆಂಡು. 9 ವೋಲ್ಟ್ ಕಾಣುವವರೆಗೆ ಕಾಯುತ್ತ ಕೂತರೆ ಹೊತ್ತು ಮೀರಿರುತ್ತದೆ.

ದೊಡ್ಡ ತಕರಾರು ಚಿಪ್ಪಿನ ಮೇಲಲ್ಲ, ಅದನ್ನು ಬಳಸುವವರ ಮೇಲೆ. ಚಿಪ್ಪು ಎರಡು ಬೇರೆ ಸುದ್ದಿ ಹೇಳುತ್ತದೆ. ಗೇಟಿನ ಸಪ್ಲೈ 11 ವೋಲ್ಟಿಗಿಂತ ಕುಸಿದರೆ ‘ರೆಡಿ’ ಪಿನ್ನಿನ ವೋಲ್ಟೇಜು ಬೀಳುತ್ತದೆ, 12 ದಾಟಿದರೆ ತಾನೇ ಏಳುತ್ತದೆ. ಶಾರ್ಟ್ ಆದರೆ ‘ಫಾಲ್ಟ್’ ಪಿನ್ ಬೀಳುತ್ತದೆ, ರಿಸೆಟ್ ಕೊಡುವ ತನಕ ಏಳುವುದಿಲ್ಲ. ಇವು ಒಟ್ಟಿಗೆ ಕಟ್ಟಬಹುದಾದ ಪಿನ್ನುಗಳು. ಖರ್ಚು ಉಳಿಸಲೆಂದು ಆರು ಚಿಪ್ಪುಗಳ ಹನ್ನೆರಡು ಪಿನ್ನನ್ನೂ ಒಂದೇ ತಂತಿಗೆ ಗಂಟು ಹಾಕಿದರೆ ಪ್ಯಾನಲ್ಲಿನಲ್ಲಿ ಮೂಡುವುದು ಒಂದೇ ಕೋಡು. ಬೋರ್ಡಿನ ಪವರ್ ಸಪ್ಲೈಯಲ್ಲಿ ಬಿಸಿಗೆ ಒಣಗಿದ ಅಗ್ಗದ ಕೆಪಾಸಿಟರ್ ಕಾರಣವಾಗಿದ್ದರೂ ಮೆಕ್ಯಾನಿಕ್ ದುಬಾರಿ ಐಜಿಬಿಟಿ ಮಾಡ್ಯೂಲ್ ಬದಲಿಸುತ್ತಾನೆ. ಸಂಡೂರಿನ ಕೆಂಧೂಳು ತೇವಗೂಡಿ ಬೋರ್ಡಿನ ಮೇಲೆ ಕೂತಿದ್ದರೆ ಪತ್ತೆ ಇನ್ನೂ ಕಷ್ಟ. ಆ ಧೂಳಿನ ಮೇಲೆ ಕರೆಂಟು ಸೋರಬಹುದು; ಚಿಪ್ಪಿನ ಎರಡು ಬದಿಯ ನಡುವೆ ಇರುವ ಅಂತರವೇ ಸುಮಾರು 8 ಮಿಲಿಮೀಟರ್.

ಎರಡನೆಯ ತಪ್ಪು ಆಟೋ ರಿಸೆಟ್. ಇನ್ಫಿನಿಯನ್‌ನ ಹಲವು ಐಜಿಬಿಟಿಗಳ ಡೇಟಾಶೀಟು ಜೀವಮಾನದಲ್ಲಿ 1000ಕ್ಕಿಂತ ಕಡಿಮೆ ಶಾರ್ಟ್ ಸರ್ಕ್ಯೂಟು, ಎರಡರ ನಡುವೆ ಕನಿಷ್ಠ 1 ಸೆಕೆಂಡು ಎಂದು ಸ್ಪಷ್ಟವಾಗಿ ಬರೆಯುತ್ತದೆ. ಪ್ರೋಗ್ರಾಮು ಬರೆಯುವವರು ಇದನ್ನು ಮರೆತು ಮಿಲಿಸೆಕೆಂಡುಗಳಲ್ಲೇ ಮತ್ತೆ ಮತ್ತೆ ಚಾಲೂ ಮಾಡಿಸಿದರೆ ಚಿಪ್ಪು ಉಳಿಸಿದ್ದನ್ನು ಅವರೇ ಕಳೆದಂತೆ. ಸುಗ್ಗಿಯಲ್ಲಿ ಮಿಲ್ಲು ನಿಲ್ಲಬಾರದೆಂದು ರಿಸೆಟ್ ಒತ್ತುವ ಆಪರೇಟರನನ್ನು ದೂರಿ ಫಲವಿಲ್ಲ. ಅವನ ಮುಂದಿರುವ ಒಂದೇ ಕೋಡು ಏನಾಗಿದೆ ಎಂದು ಹೇಳುವುದೇ ಇಲ್ಲ. ಯಾವ ಫೇಸು, ಸಪ್ಲೈ ಕುಸಿತವೋ ಶಾರ್ಟೋ ಎಂಬುದನ್ನು ಪ್ಯಾನಲ್ಲಿನಲ್ಲಿ ಬೇರೆಬೇರೆ ತೋರಿಸಲು ಬೇಕಿರುವುದು ಕೆಲವು ಹೆಚ್ಚಿನ ತಂತಿ, ಪ್ರೊಸೆಸರಿನಲ್ಲಿ ಕೆಲವು ಪಿನ್ನು. ಹೊಸಪೇಟೆಯ ರಿಪೇರಿ ಅಂಗಡಿಗೆ ಡ್ರೈವ್ ಹೊತ್ತು ತರುವ ಬಾಡಿಗೆಯ ಮುಂದೆ ಅದು ದೊಡ್ಡ ಖರ್ಚೇನೂ ಅಲ್ಲ.