ಎತ್ತು ಏರಿಗೆ, ಕೋಣ ನೀರಿಗೆ

ಹೊಂದಿಕೆಯಿಲ್ಲದ ಗಂಡ ಹೆಂಡಿರನ್ನು ಕಂಡರೆ ‘ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು’ ಎನ್ನುವುದು ವಾಡಿಕೆ. ನಮ್ಮ ಜನಪ್ರಿಯ ಪ್ರೇಮ ಕಾದಂಬರಿಗಳು ಬಹುಮಟ್ಟಿಗೆ ಇಂಥ ಜೋಡಿಯಿಂದಲೇ ಹೊರಡುತ್ತವೆ. ಅವಳು ಸಿರಿವಂತೆ, ಅವನು ಬಡವ. ಅವಳು ಮೃದು, ಅವನು ಒರಟ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕೂ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದ್ದೇನೆ. ಎಲ್ಲೆಡೆಯೂ ಇಂಥ ಕಾದಂಬರಿಗಳು ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಹತ್ತನೇ ತರಗತಿಯ ಹುಡುಗಿಯರ ಚೀಲದಲ್ಲೂ ಇರುತ್ತಿದ್ದವು. ಓದಬೇಡಿ ಎಂದು ನಾನು ಹೇಳಿದವಳಲ್ಲ. ಓದಿ ಮುಗಿಸಿದವರನ್ನು ಒಂದು ಮಾತು ಕೇಳುತ್ತಿದ್ದೆ: ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಅವಳು ಏನು ಕಲಿತಳು? ಅವನು ಏನು ಕಲಿತ?

ಮೊದಲನೆಯದಕ್ಕೆ ಥಟ್ಟನೆ ಉತ್ತರ ಬರುತ್ತಿತ್ತು. ಎರಡನೆಯದಕ್ಕೆ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಎಚ್.ಜಿ. ರಾಧಾದೇವಿಯವರ ಕಾದಂಬರಿ ಆಧರಿಸಿ 1986ರಲ್ಲಿ ಬಂದ ‘ಅನುರಾಗ ಅರಳಿತು’ ಚಿತ್ರವನ್ನೇ ನೋಡಿ. ಮಾಧವಿಯ ಪಾತ್ರ ದರ್ಪದ ಸಿರಿವಂತೆ; ರಾಜಕುಮಾರ್ ದುಡಿದು ಉಣ್ಣುವ ಸ್ವಾಭಿಮಾನಿ. ಮದುವೆಯಾದ ಮೇಲೆ ಅವಳ ಅಹಂಕಾರ ಇಳಿಯುತ್ತದೆ, ಸಂಸಾರ ನೆಟ್ಟಗಾಗುತ್ತದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ತೆಲುಗು, ತಮಿಳು, ಹಿಂದಿಯವರೂ ಅದೇ ಕಥೆ ತೆಗೆದು ಗೆದ್ದರು. ಆದರೆ ತಿದ್ದಿಕೊಳ್ಳುವ ಭಾರವೆಲ್ಲ ಅವಳ ತಲೆಯ ಮೇಲೆ. ಅವನು ಮೊದಲ ರೀಲಿನಲ್ಲಿ ಹೇಗೆ ಸರಿಯಾಗಿದ್ದನೋ ಕೊನೆಯಲ್ಲೂ ಹಾಗೇ ಸರಿ. ಇದನ್ನು ಪಳಗಿಸುವುದು ಎನ್ನಬಹುದೇ ಹೊರತು ಜೊತೆಯಾಗಿ ಬೆಳೆಯುವುದು ಎನ್ನಲಾಗದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹೇಳುವ ಬೀಬಿ ನಾಚ್ಚಿಯಾರ್ ಐತಿಹ್ಯದಲ್ಲೂ ಚೆಲುವರಾಯನನ್ನು ಅರಸಿ ದೆಹಲಿ ಬಿಟ್ಟು ನಡೆದು ಬಂದವಳು ಅವಳೇ ತಾನೇ? ಭಕ್ತಿಯಲ್ಲಿ ಅದು ಸೊಗಸು. ಸಂಸಾರದಲ್ಲಿ ನಡಿಗೆ ಇಬ್ಬರದೂ ಆಗಬೇಕು.

ಈ ವಿಷಯದಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’ ಬೇರೆಯೇ ತೂಕದ್ದು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು. ಇಂದಿರೆಯ ತಂದೆಯ ಹಣದಿಂದ ಓದಲು ಅಮೆರಿಕಕ್ಕೆ ಹೋದ ಮೋಹನ, ಆಸ್ತಿಗೆ ಗಂಡು ವಾರಸುದಾರ ಹುಟ್ಟಿದನೆಂದು ತಿಳಿದ ಮೇಲೆ ನಿಶ್ಚಯವಾದ ಮದುವೆಯಿಂದ ಹಿಂದೆ ಸರಿಯುತ್ತಾನೆ. ಆಮೇಲೆ ಅವನೇ ಅಪಘಾತದಲ್ಲಿ ಬಿದ್ದಾಗ ಅವಳು ಆರೈಕೆ ಮಾಡುತ್ತಾಳೆ. ಅವನಿಗೆ ಅವಳ ಬೆಲೆ ಅರಿವಾಗುತ್ತದೆ. ಬೇರೆಯವರಾಗಿದ್ದರೆ ಅಲ್ಲಿಗೇ ಓಲಗ ಊದಿಸಿ ಮುಗಿಸುತ್ತಿದ್ದರು. ತ್ರಿವೇಣಿಯವರ ಇಂದಿರೆ ಒಲ್ಲೆನೆನ್ನುತ್ತಾಳೆ. ಅವನು ಕಲಿತದ್ದು ಸುಳ್ಳಲ್ಲ. ಆದರೆ ನಂಬಿಕೆ ಮುರಿದದ್ದೂ ಸುಳ್ಳಲ್ಲ. ಅವಳಿಗೆ ಕರುಣೆ ಉಳಿದಿದೆ, ನಂಬಿಕೆ ಉಳಿದಿಲ್ಲ. ಎರಡೂ ಬೇರೆಯೆಂದು ಅಷ್ಟು ನೇರವಾಗಿ ಹೇಳಿದ ಆ ತಾಯಿ 1963ರಲ್ಲಿ, ಮೂವತ್ತೈದೂ ತುಂಬುವ ಮೊದಲೇ ತೀರಿಕೊಂಡರು.

ಹಾಗಾದರೆ ಜೊತೆಯಾಗಿ ಬೆಳೆದವರು ನಮ್ಮ ಸಾಹಿತ್ಯದಲ್ಲಿ ಇಲ್ಲವೇ? ಇದ್ದಾರೆ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿ ಹುಡುಕಿ. 1942ರ ಆ ಪುಸ್ತಕ ಕವಿತೆಗಳದು, ಕಾದಂಬರಿಯಲ್ಲ. ಅಲ್ಲಿ ಅಂತಸ್ತಿನ ಅಂತರವೂ ಇಲ್ಲ, ಖಳನಾಯಕನೂ ಇಲ್ಲ. ಆದರೂ ನಮ್ಮ ಕಾದಂಬರಿಕಾರ್ತಿಯರು ಕಲಿಯಬೇಕಾದ್ದು ಅಲ್ಲಿದೆ. ಗಂಡನ ಮಾತಿನಂತೆ ಹೆಂಡತಿಯ ಮಾತಿಗೂ ಅಲ್ಲಿ ಕವಿತೆಗಳಿವೆ. ಅವಳಿಗೆ ಮುನಿಯುವ ಹಕ್ಕಿದೆ. ಅವನಿಗೆ ರಮಿಸಿದರೆ ಮಾನ ಹೋಗುವುದಿಲ್ಲ. ನಂಬಿಕೆ ಹುಟ್ಟುವುದು ಇಂಥ ಸಣ್ಣ ಕೊಡುಕೊಳ್ಳುವಿಕೆಯಲ್ಲಿ. ಒಂದು ದೊಡ್ಡ ತ್ಯಾಗದಲ್ಲೋ, ಕೊನೆಯ ಪುಟದ ಕಣ್ಣೀರಿನಲ್ಲೋ ಅಲ್ಲ.

ಕಥೆ ತಾನೇ, ಬಿಡಿ ಎನ್ನುವವರಿದ್ದಾರೆ. ಆದರೆ ಒರಟು ಗಂಡನ್ನು ತಾಳ್ಮೆಯಿಂದಲೇ ಗೆಲ್ಲಬಹುದೆಂದು ಪುಸ್ತಕದಲ್ಲಿ ನೂರು ಸಲ ಓದಿದ ಹುಡುಗಿ, ನಾಳೆ ಮದುವೆಯಾದ ಮನೆಯಲ್ಲಿ ಹೊಡೆತ ತಿಂದರೂ ನನ್ನ ತಾಳ್ಮೆಯೇ ಸಾಲದು ಅಂದುಕೊಳ್ಳುತ್ತಾಳೆ. ಹಾಗೆ ಅಂದುಕೊಂಡು ಸವೆದುಹೋದವರನ್ನು ನಾವೆಲ್ಲ ನಮ್ಮ ಬೀದಿಗಳಲ್ಲೇ ಕಂಡಿದ್ದೇವೆ. ಎತ್ತು, ಕೋಣ ಒಂದೇ ನೊಗಕ್ಕೆ ಬಿದ್ದಮೇಲೆ ಕುತ್ತಿಗೆ ಎರಡೂ ಬಾಗಬೇಕು. ಒಂದೇ ಬಾಗಿದರೆ ಗಾಡಿ ಮಗುಚುತ್ತದೆ.